ಮೇಣದಲ್ಲಿ ಮೂಡಿದ ಬುದ್ಧ

ಕೇಳುಗರಿಗೆ ನಮಸ್ಕಾರ.

ಥಾಯ್ಲೆಂಡಿನ ಹಳೆಯ ಕಂಚಿನ ಬುದ್ಧನ ಮುಂದೆ ನಿಂತವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಇದು ಎಷ್ಟು ವರ್ಷ ಹಳೆಯದು, ಇದಕ್ಕೆ ಎಷ್ಟು ಬೆಲೆ. ನಾನು ಕೇಳಬಯಸುವ ಪ್ರಶ್ನೆ ಬೇರೆ. ಗಟ್ಟಿ ಲೋಹಕ್ಕೆ ಇಷ್ಟು ಮೃದುತ್ವ ಎಲ್ಲಿಂದ ಬಂತು? ಅದು ಬಂದದ್ದು ಮೇಣದಿಂದ. ಶಿಲ್ಪಿಯ ಬೆರಳು ಮುಟ್ಟಿದ್ದು ಕಂಚನ್ನಲ್ಲ, ಮೇಣವನ್ನು. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದೊಂದೇ ಮಾತು.

ಕೆಲಸ ಆರಂಭವಾಗುವುದು ಮಣ್ಣಿನಿಂದ. ಜೇಡಿಮಣ್ಣಿಗೆ ಮರಳು, ಭತ್ತದ ಹೊಟ್ಟು ಬೆರೆಸಿ ಮೂರ್ತಿಯ ಒರಟು ಆಕಾರವನ್ನು ಕಟ್ಟುತ್ತಾರೆ. ಅದರ ಮೇಲೆ ಜೇನುಮೇಣವನ್ನು ತೆಳುವಾಗಿ ಹೊದಿಸಿ, ರೆಪ್ಪೆಯ ಬಾಗು, ತುಟಿಯ ಅಂಚು, ಭಿಕ್ಷು ಉಡುವ ಚೀವರದ ನೆರಿಗೆ, ಎಲ್ಲವನ್ನೂ ಆ ಮೇಣದಲ್ಲೇ ತಿದ್ದುತ್ತಾರೆ. ತಲೆಯ ಮೇಲಿನ ಗುಂಗುರುಗಳನ್ನು ಸಣ್ಣ ಮೇಣದ ಉಂಡೆಗಳಾಗಿ ಹೊಸೆದು ಒಂದೊಂದಾಗಿ ಅಂಟಿಸುವುದೂ ಉಂಟು. ಅದರ ಮೇಲೆ ಮತ್ತೆ ಮಣ್ಣಿನ ಲೇಪ. ಒಳಮಣ್ಣು ಅಲುಗಾಡದಂತೆ ಲೋಹದ ಮೊಳೆಗಳನ್ನು ತೂರಿಸಿ, ಇಡೀ ಅಚ್ಚನ್ನು ಬೆಂಕಿಯಲ್ಲಿ ಕಾಯಿಸಿದಾಗ ಮೇಣ ಕರಗಿ ಹರಿದುಹೋಗುತ್ತದೆ. ಅದು ಬಿಟ್ಟುಹೋದ ಆ ತೆಳ್ಳನೆಯ ಟೊಳ್ಳಿಗೆ ತಾಮ್ರ, ತವರ ಕೂಡಿದ ಕಾದ ಕಂಚನ್ನು ಸುರಿಯುತ್ತಾರೆ. ಆರಿದ ಮೇಲೆ ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು. ಆದ್ದರಿಂದ ಅದೇ ಅಚ್ಚಿನಲ್ಲಿ ಇನ್ನೊಂದು ಮೂರ್ತಿ ಹುಟ್ಟುವುದಿಲ್ಲ. ಈ ವಿಧಾನ ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಇದರ ವಿವರಣೆಯಿದೆ, ಮೊದಲು ಮೇಣವನ್ನು ತೂಗಿ, ಅದರ ಇಂತಿಷ್ಟು ಪಟ್ಟು ಲೋಹವನ್ನು ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಅಲ್ಲಿದೆ.

ಈ ಕೆಲಸ ಎಷ್ಟು ಕಠಿಣವೆಂಬುದಕ್ಕೆ ನನಗೆ ಬಹಳ ಪ್ರಿಯವಾದ ಒಂದು ಐತಿಹ್ಯವನ್ನು ಹೇಳುತ್ತೇನೆ. ಥಾಯ್ಲೆಂಡಿನ ಹಳೆಯ ರಾಜ್ಯವಾದ ಸುಖೋತೈಯ ದೊರೆ ಲಿಥೈ, ಫಿಟ್ಸನುಲೋಕ್ ಪಟ್ಟಣದ ದೇಗುಲಕ್ಕಾಗಿ ಮೂರು ದೊಡ್ಡ ಕಂಚಿನ ಬುದ್ಧರನ್ನು ಎರಕ ಹೊಯ್ಯಿಸಲು ಸಂಕಲ್ಪಿಸಿದನಂತೆ. ಇದನ್ನು ಸಂಪ್ರದಾಯ 1357ರ ಸುಮಾರಿನದೆಂದು ಹೇಳುತ್ತದೆ. ಎರಡು ಮೂರ್ತಿಗಳು ಚೆನ್ನಾಗಿ ಬಂದವು. ಮೂರನೆಯದಾದ ಚಿನ್ನರಾತ್ ಮಾತ್ರ ಕೈಗೆ ಹತ್ತಲಿಲ್ಲ. ಲೋಹ ಅಚ್ಚಿನ ಪೂರ್ತಿ ಹರಿಯಲಿಲ್ಲ. ಮತ್ತೆ ಮಣ್ಣು ಕಟ್ಟಿದರು, ಮತ್ತೆ ಮೇಣ ಹೊದಿಸಿದರು, ಮತ್ತೆ ಕುಲುಮೆ ಊದಿದರು. ಮತ್ತೆಯೂ ಅದೇ ಗತಿ. ಕೊನೆಗೆ ಬಿಳಿಬಟ್ಟೆ ಉಟ್ಟ ಮುದುಕನೊಬ್ಬ ಎಲ್ಲಿಂದಲೋ ಬಂದು, ಯಾರೊಡನೆಯೂ ಹೆಚ್ಚು ಮಾತಾಡದೆ ಕೆಲಸಕ್ಕೆ ಕೈ ಹಾಕಿದ. ಆ ಸಲ ಕಂಚು ಮೂಲೆಮೂಲೆಗೂ ಹರಿದು ಮೂರ್ತಿ ನಿಂತಿತು. ಮುದುಕ ಊರ ಹೊರಗೆ ನಡೆದು ಹೋಗಿ ಕಣ್ಮರೆಯಾದ. ಬಂದವನು ಇಂದ್ರನೇ ಎಂದು ಜನ ನಂಬಿದರು. ‘ಬಿಳಿಬಟ್ಟೆಯ ಅಜ್ಜ ಕಾಣೆಯಾದ ಜಾಗ’ ಎಂಬ ಅರ್ಥದ ಹೆಸರು ಅಲ್ಲಿನ ಒಂದು ಸ್ಥಳಕ್ಕೆ ಇಂದಿಗೂ ಇದೆ.

ಇದನ್ನು ಬರಿಯ ಪವಾಡದ ಕಥೆಯೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಎರಕದವರನ್ನು ಕೇಳಿ ನೋಡಿ. ಅಚ್ಚು ಸಾಕಷ್ಟು ಕಾಯದಿದ್ದರೆ ಲೋಹ ನಡುದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಗಾಳಿ ಹೊರಹೋಗಲು ದಾರಿಯಿಲ್ಲದಿದ್ದರೆ ಲೋಹ ಮುಂದೆ ಸಾಗುವುದೇ ಇಲ್ಲ. ಮೇಣ ಕರಗಿಹೋದ ಮೇಲೆ ಶಿಲ್ಪಿಯ ಶ್ರಮವೆಲ್ಲ ಕಣ್ಣಿಗೆ ಕಾಣದ ಒಂದು ಟೊಳ್ಳು ಮಾತ್ರ. ಆ ಕ್ಷಣದಲ್ಲಿ ಇಂದ್ರನನ್ನು ನೆನೆಯದ ಕಂಚುಗಾರನಾದರೂ ಯಾರು? ಆ ಚಿನ್ನರಾತ್ ಬುದ್ಧ ಇಂದಿಗೂ ಫಿಟ್ಸನುಲೋಕ್‌ನಲ್ಲೇ ಇದ್ದಾನೆ, ಈಗ ಮೈತುಂಬ ಚಿನ್ನದ ಲೇಪದೊಡನೆ.

ಕಥೆಗೇ ಸಮಯ ಹೆಚ್ಚು ಹಿಡಿಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಸುಖೋತೈ ಶಿಲ್ಪಿಗಳು ಶಾಸ್ತ್ರದ ಲಕ್ಷಣಗಳನ್ನೂ ಕಾವ್ಯದ ಉಪಮೆಗಳನ್ನೂ ಅಕ್ಷರಶಃ ಮೂರ್ತಿಗೆ ಇಳಿಸಿದರು: ಗಿಣಿಯ ಕೊಕ್ಕಿನಂಥ ಮೂಗು, ಮಾವಿನ ಗೊರಟೆಯಂಥ ಗದ್ದ, ಆನೆಯ ಸೊಂಡಿಲಿನಂತೆ ಇಳಿಬಿದ್ದ ತೋಳು. ಆಜಾನುಬಾಹು ಎಂಬ ಮಾತನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉತ್ತರದ ಲಾನ್ನಾ ನಾಡಿನ ಬುದ್ಧ ತುಂಬಿದೆದೆಯ, ದುಂಡುಮುಖದವನು. ಅಲ್ಲಿನ ಎಷ್ಟೋ ಪೀಠಗಳ ಮೇಲೆ ಇಸವಿಯನ್ನೂ ಕೊರೆದಿದ್ದಾರೆ. ಮುಂದೆ ಅಯುತ್ಥಯ ರಾಜ್ಯದ ಕಾಲಕ್ಕೆ ಬುದ್ಧನಿಗೆ ಕಿರೀಟ, ಆಭರಣಗಳೂ ಬಂದವು.

ಇನ್ನು ಬ್ಯಾಂಕಾಕಿಗೆ ಪ್ರವಾಸ ಹೋಗುವವರಲ್ಲಿ ಒಂದು ವಿನಂತಿ. ಬೈಠಕ್‌ಖಾನೆಯ ಅಲಂಕಾರಕ್ಕೆಂದು ಬುದ್ಧನ ತಲೆಯನ್ನು ಕೊಂಡು ತರಬೇಡಿ. ಹಳೆಯ ತಲೆಯೆಂದರೆ ಯಾವುದೋ ಮೈಯಿಂದ ಬೇರ್ಪಟ್ಟ ತಲೆ. ಬುದ್ಧಮೂರ್ತಿಗಳನ್ನು ದೇಶದಿಂದ ಹೊರಗೆ ಸಾಗಿಸಲು ಅಲ್ಲಿನ ಲಲಿತಕಲಾ ಇಲಾಖೆಯ ಅನುಮತಿಯೂ ಬೇಕು. ಅದರ ಬದಲು ವಾಟ್ ಬೆಂಚಮಬೊಫಿತ್ ದೇಗುಲಕ್ಕೆ ಹೋಗಿ. ದೊರೆ ಚುಲಾಲಾಂಗ್‌ಕಾರ್ನ್ ಕಾಲದಲ್ಲಿ ನಾನಾ ಶೈಲಿಯ 52 ಬುದ್ಧಮೂರ್ತಿಗಳನ್ನು ಅಲ್ಲಿನ ಪಡಸಾಲೆಯಲ್ಲಿ ಸಾಲಾಗಿ ಇರಿಸಲಾಗಿದೆ. ಅವುಗಳ ನಡುವೆ ಸುಖೋತೈ ಶೈಲಿಯ, ನಡೆಯುತ್ತಿರುವ ಬುದ್ಧನೊಬ್ಬನಿದ್ದಾನೆ. ಅವನ ಒಂದು ಹಿಮ್ಮಡಿ ನೆಲ ಬಿಟ್ಟಿದೆ, ಚೀವರದ ಅಂಚು ಕಾಲಿನ ಪಕ್ಕದಲ್ಲಿ ಅಲೆಯಾಗಿ ತೂಗಿದೆ. ಆ ಅಂಚನ್ನು ಐದು ನಿಮಿಷ ನಿಂತು ನೋಡಿ. ಅದನ್ನು ಹಾಗೆ ಬಾಗಿಸಿದ್ದು ಸುತ್ತಿಗೆಯಲ್ಲ, ಮೇಣದ ಮೇಲೆ ಹರಿದಾಡಿದ ಒಂದು ಹೆಬ್ಬೆರಳು.

ನಮಸ್ಕಾರ.