ಜೂಜಿನ ಕುದುರೆ ಸತ್ತರೆ ಅಳಬೇಕಾ?

ನಮಸ್ಕಾರ ಕೇಳುಗರೇ. ನಾನು ಕುದುರೆ ಡಾಕ್ಟರ್ ಅಂತ ಗೊತ್ತಾದ ಕೂಡಲೇ ಜನ ಒಂದು ಮಾತು ಹೇಳುತ್ತಾರೆ. "ರೇಸ್ ಕುದುರೆ ಸತ್ತರೆ ಅಳೋದ್ಯಾಕೆ ಡಾಕ್ಟ್ರೇ? ಜೂಜಿನ ಪ್ರಾಣಿ ತಾನೇ?" ಸ್ವಾಮಿ, ಜೂಜಾಡಿದ್ದು ಮನುಷ್ಯ. ಕುದುರೆ ಟಿಕೆಟ್ ಕೊಂಡಿರಲಿಲ್ಲ. ಓಡು ಅಂದೆವು, ಓಡಿತು. ನಮಗಾಗಿ ಓಡಿ ಸತ್ತ ಜೀವಕ್ಕೆ ನಾವು ದುಃಖಪಡಬೇಕು. ಇವತ್ತು ನಾನು ಹೇಳುವುದು ಇದೊಂದೇ.

ಬಾರ್ಬರೋ ಅಂತ ಅಮೆರಿಕದ ಒಂದು ಕುದುರೆ. ಮೂರು ವರ್ಷದ್ದು. 2006ರ ಮೇ 6ರಂದು ಕೆಂಟಕಿ ಡರ್ಬಿ ಅನ್ನೋ ದೊಡ್ಡ ರೇಸ್ ಗೆದ್ದಿತು. ಎರಡನೆಯದು ಆರೂವರೆ ಲೆಂತ್, ಅಂದರೆ ಆರೂವರೆ ಕುದುರೆಯಷ್ಟು ಉದ್ದ, ಹಿಂದೆ! ಅಲ್ಲಿಗೆ ಓಡಿದ ಆರಕ್ಕೆ ಆರೂ ಗೆದ್ದ ಹಾಗಾಯಿತು. ಎರಡು ವಾರ ಕಳೆದು ಬಾಲ್ಟಿಮೋರ್‌ನಲ್ಲಿ ಪ್ರೀಕ್ನೆಸ್ ರೇಸ್. ಗೇಟ್ ತೆರೆಯುವ ಮೊದಲೇ ಇದು ನುಗ್ಗಿ ಹೊರಗೆ ಬಂತು. ಹಿಡಿದು ತಂದು ಮತ್ತೆ ನಿಲ್ಲಿಸಿದರು. ರೇಸ್ ಶುರುವಾಗಿ ಸ್ವಲ್ಪ ದೂರ ಹೋಗಿರಬೇಕು, ಬಲ ಹಿಂಗಾಲು ಮುರಿಯಿತು. ಒಂದು ಕಡೆ ಅಲ್ಲ, ಹಲವು ಚೂರು. ಜಾಕಿ ಎಡ್ಗರ್ ಪ್ರಾಡೊ ಕೂಡಲೇ ಲಗಾಮು ಎಳೆದು ನಿಲ್ಲಿಸಿದ.

ಮಾರನೇ ದಿನ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ನ್ಯೂ ಬೋಲ್ಟನ್ ಆಸ್ಪತ್ರೆಯಲ್ಲಿ ಆಪರೇಷನ್. ಡಾಕ್ಟರ್ ಡೀನ್ ರಿಚರ್ಡ್‌ಸನ್ ಐದು ಗಂಟೆಗೂ ಜಾಸ್ತಿ ಹೊತ್ತು ಕೆಲಸ ಮಾಡಿದರು. ಲೋಹದ ಪಟ್ಟಿ ಇಟ್ಟು 27 ಸ್ಕ್ರೂ ಹಾಕಿದರು. ಆಮೇಲೆ ಕುದುರೆಯನ್ನು ದೋಣಿಯಂಥದ್ದರಲ್ಲಿ ಕೂರಿಸಿ ನೀರಿನ ತೊಟ್ಟಿಗೆ ಇಳಿಸಿದರು. ಯಾಕೆ ಗೊತ್ತಾ? 1975ರಲ್ಲಿ ರಫಿಯನ್ ಅನ್ನೋ ಹೆಣ್ಣು ಕುದುರೆಗೂ ರೇಸ್‌ನಲ್ಲಿ ಕಾಲು ಮುರಿದಿತ್ತು. ಆಪರೇಷನ್ ಆಯಿತು. ಅರಿವಳಿಕೆ ಇಳಿಯುತ್ತಿದ್ದಂತೆ ಅದು ಮಲಗಿದ್ದಲ್ಲೇ ಓಡುವ ಹಾಗೆ ಕಾಲು ಬಡಿಯಿತು. ಪ್ಲಾಸ್ಟರ್ ಒಡೆಯಿತು, ಕಾಲು ಮತ್ತೆ ಹಾಳಾಯಿತು. ನೋವಿಲ್ಲದೆ ಸಾಯಿಸದೆ ಬೇರೆ ದಾರಿಯೇ ಉಳಿಯಲಿಲ್ಲ. ನೀರಿನಲ್ಲಾದರೆ ಎಷ್ಟು ಬಡಿದರೂ ಕಾಲಿಗೆ ಪೆಟ್ಟಿಲ್ಲ.

ಬಾರ್ಬರೋ ಎದ್ದು ನಿಂತಿತು. ತಿಂದಿತು. ಊರೂರಿನಿಂದ ಜನ ಕ್ಯಾರೆಟ್, ಸೇಬು, ಕಾರ್ಡ್ ಕಳಿಸಿದರು. ಗೆದ್ದ ಕುದುರೆಯ ಮರಿಗೆ ಬೆಲೆ ಜಾಸ್ತಿ, ದುಡ್ಡಿನ ಆಸೆಗೆ ಉಳಿಸುತ್ತಿದ್ದಾರೆ ಅನ್ನುವವರು ಎಲ್ಲ ಕಾಲಕ್ಕೂ ಇರುತ್ತಾರೆ. ಇರಲಿ. ಕ್ಯಾರೆಟ್ ಕಳಿಸಿದವರಿಗೆ ಯಾವ ದುಡ್ಡು ಬರುತ್ತಿತ್ತು?

ಕಾಲು ಮುರಿದರೆ ಕುದುರೆಯನ್ನು ಯಾಕೆ ಸಾಯಿಸ್ತೀರಿ ಅಂತ ನನ್ನ ಮೇಲೆ ರೇಗುವವರು ಇಲ್ಲಿ ಸ್ವಲ್ಪ ಕೇಳಿಸಿಕೊಳ್ಳಿ. ಕುದುರೆ ಸುಮಾರು 450 ಕಿಲೋ ತೂಗುತ್ತದೆ. ತಿಂಗಳುಗಟ್ಟಲೆ ಮಲಗಿರಲು ಅದಕ್ಕೆ ಆಗುವುದಿಲ್ಲ. ಮುರಿದ ಕಾಲಿನ ಭಾರ ಉಳಿದ ಕಾಲುಗಳ ಮೇಲೆ ಬೀಳುತ್ತದೆ. ಆಗ ಒಳಗಿನ ಮೂಳೆಯನ್ನು ಗೊರಸಿಗೆ ಹಿಡಿದಿಟ್ಟ ಪದರ ಬಿಟ್ಟುಕೊಳ್ಳುತ್ತದೆ. ಉಗುರು ಕಿತ್ತ ಬೆರಳ ಮೇಲೆ ಇಡೀ ಮೈ ಭಾರ ಹಾಕಿ ನಿಂತ ಹಾಗೆ. ಬಾರ್ಬರೋಗೆ ಜುಲೈನಲ್ಲಿ ಎಡ ಹಿಂಗಾಲಿಗೆ ಇದೇ ಆಯಿತು. ಗೊರಸಿನ ಬಹುಪಾಲು ತೆಗೆಯಬೇಕಾಯಿತು. ಆದರೂ ತಿಂಗಳುಗಟ್ಟಲೆ ತಡೆದುಕೊಂಡಿತು. ಜನವರಿಯಲ್ಲಿ ಮುಂಗಾಲುಗಳಿಗೂ ಬಂತು. ನಿಲ್ಲಲು ಒಂದು ಒಳ್ಳೆಯ ಕಾಲೂ ಉಳಿಯಲಿಲ್ಲ. 2007ರ ಜನವರಿ 29ರಂದು ಅದಕ್ಕೆ ನೋವಿಲ್ಲದ ಸಾವು ಕೊಟ್ಟರು. ಬೂದಿಯನ್ನು ಅದು ಡರ್ಬಿ ಗೆದ್ದ ಚರ್ಚಿಲ್ ಡೌನ್ಸ್ ಮೈದಾನದ ಗೇಟಿನ ಹೊರಗೆ ಇಟ್ಟು, ಮೇಲೆ ಪ್ರತಿಮೆ ನಿಲ್ಲಿಸಿದರು. ಟಿಕೆಟ್ ಇಲ್ಲದೆ ಯಾರು ಬೇಕಾದರೂ ಹೋಗಿ ನೋಡಬಹುದು. ಗೌರವ ಅಂದರೆ ಇದು, ಅಲ್ವಾ?

ಬಾರ್ಬರೋ ಬಗ್ಗೆ ಮಾತು ಶುರು ಮಾಡಿದರೆ ನನಗೆ ಗಡಿಯಾರ ಕಾಣುವುದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ. ರಫಿಯನ್‌ಳನ್ನು ಕಾಲು ಮುರಿದ ಬೆಲ್ಮಾಂಟ್ ರೇಸ್ ಮೈದಾನದಲ್ಲೇ ಹೂಳಿದರು, ಮೂತಿ ಗೆಲುವಿನ ಗೆರೆಯ ಕಡೆಗೆ. ಅಮೆರಿಕದಲ್ಲಿ ಸಾಮಾನ್ಯವಾಗಿ ದೊಡ್ಡ ಹೆಸರಿನ ರೇಸ್ ಕುದುರೆಗಳ ತಲೆ, ಹೃದಯ, ಗೊರಸು ಮಾತ್ರ ಹೂಳುತ್ತಾರೆ. ಆದರೆ 1989ರಲ್ಲಿ ಸೆಕ್ರೆಟೇರಿಯಟ್ ಅನ್ನೋ ಹೆಸರಾಂತ ರೇಸ್ ಕುದುರೆ ಸತ್ತಾಗ ಇಡೀ ದೇಹ ಹೂಳಿದರು. ಟಿಪ್ಪು ಕಾಲದಿಂದ ಕುದುರೆ ಸಾಕಿದ ನಮ್ಮ ಕುಣಿಗಲ್ ಫಾರಂ ಬಗ್ಗೆಯೂ ಹೇಳಬೇಕಿತ್ತು, ಸಮಯ ಇಲ್ಲ.

ಕುದುರೆ ಮಾಲೀಕರೇ, ನಿಮ್ಮ ಕುದುರೆ ಸತ್ತ ದಿನ ಅದನ್ನು ದಿನಾ ತಿಕ್ಕಿ ತೊಳೆದ ಸೈಸ್‌ಗೆ, ಅಂದರೆ ಲಾಯದ ಆಳಿಗೆ, ಇನ್ನೊಂದು ಕುದುರೆಯ ಹಗ್ಗ ಕೊಡಬೇಡಿ. ಅವತ್ತು ಅವನನ್ನು ಸುಮ್ನೆ ಬಿಡಿ. ರೇಸ್‌ಗೆ ಹೋಗುವವರೇ, ಓಟದ ನಡುವೆ ಕುದುರೆ ಬಿದ್ದರೆ ಅದರ ಹೆಸರು ಏನು ಅಂತ ರೇಸ್ ಪುಸ್ತಕದಲ್ಲಿ ನೋಡಿ, ಒಂದು ನಿಮಿಷ ಎದ್ದು ನಿಲ್ಲಿ. ದುಡ್ಡು ಹೋಯಿತು ಅಂತ ಬೈಯುವುದನ್ನು ಆಮೇಲೆ ಇಟ್ಟುಕೊಳ್ಳಿ. ನಮಸ್ಕಾರ.