ಹತ್ತಿಗೂ ಸವಾಲು, ತಲೆಗೂ ಸವಾಲು

ನಮಸ್ಕಾರ. ರಾಯಚೂರಿನಿಂದ ಮಾತಾಡುತ್ತಿದ್ದೇನೆ. ಹಿಂದೆ ಫ್ಯಾನ್ ಸದ್ದು ಕೇಳಿದರೆ ಬೇಜಾರು ಮಾಡ್ಕೋಬೇಡಿ. ಫ್ಯಾನ್ ನಿಲ್ಲಿಸಿ ರೆಕಾರ್ಡ್ ಮಾಡುವ ಧೈರ್ಯ ಈ ಊರಲ್ಲಿ ಯಾರಿಗೂ ಇಲ್ಲ.

ಮೊದಲು ನಿಮ್ಮನ್ನು ರಾಜೇಂದ್ರ ಗಂಜ್‌ಗೆ ಕರೆದುಕೊಂಡು ಹೋಗುತ್ತೇನೆ. ಬೋರ್ಡಿನಲ್ಲಿ ಎಪಿಎಂಸಿ ಅಂತ ಇದೆ. ಊರಲ್ಲಿ ಯಾರೂ ಹಾಗೆ ಅನ್ನಲ್ಲ, ಗಂಜ್ ಅಂದರೆ ಗಂಜ್. ದೀಪಾವಳಿ ಮುಗಿದ ಮೇಲೆ ಹತ್ತಿ ಗಾಡಿಗಳು ಸಾಲಾಗಿ ನಿಲ್ಲುತ್ತವೆ. ಖರೀದಿದಾರ ಬರುತ್ತಾನೆ. ಮೊಳಕೈವರೆಗೂ ಕೈ ಹಾಕಿ ಅಡಿಯಿಂದ ಒಂದು ಹಿಡಿ ಹತ್ತಿ ಕೀಳುತ್ತಾನೆ. ಮೇಲಿನ ಹತ್ತಿ ಯಾವಾಗಲೂ ಚೆನ್ನಾಗಿರುತ್ತದೆ, ನಿಜ ಹೇಳುವುದು ಅಡಿಯದ್ದು. ಎರಡು ಹೆಬ್ಬೆರಳ ನಡುವೆ ಎಳೆ ಜಗ್ಗಿ ಉದ್ದ ನೋಡುತ್ತಾನೆ. ಮುಷ್ಟಿಯಲ್ಲಿ ಹಿಂಡಿ ತೇವ ನೋಡುತ್ತಾನೆ. ತುಟಿ ಬಿಚ್ಚದೆ ಮುಂದಿನ ಗಾಡಿಗೆ ಹೋಗುತ್ತಾನೆ. ಆಮೇಲೆ ಕಂಪ್ಯೂಟರ್‌ನಲ್ಲಿ ರೇಟು ಬರುತ್ತದೆ. ಬೇಡ ಅನ್ನುವ ಹಕ್ಕು ರೈತನಿಗಿದೆ. ಆದರೆ ಗಾಡಿ ಬಾಡಿಗೆ ಏರುತ್ತಿರುತ್ತದೆ. ಬೀಜ, ಗೊಬ್ಬರಕ್ಕೆ ಅಡತಿ, ಅಂದರೆ ದಲಾಲಿ ಅಂಗಡಿಯಲ್ಲಿ ತೆಗೆದುಕೊಂಡ ಮುಂಗಡ ತಲೆ ಮೇಲಿರುತ್ತದೆ. ನಮ್ಮ ಕಾಕಾ ಮೂವತ್ತು ವರ್ಷದಲ್ಲಿ ಒಂದೇ ಸಲ ಗಾಡಿ ವಾಪಸ್ ತಿರುಗಿಸಿದ್ದು. ಆ ಕಥೆಯನ್ನು ಇವತ್ತಿಗೂ ಮದುವೆ ಮನೆಗಳಲ್ಲಿ ಹೇಳುತ್ತಾರೆ.

ಈಗ ಇನ್ನೊಂದು ಸವಾಲು ನೋಡಿ, ಎಐ ಕಟ್ಟುವ ತಲೆಗಳದ್ದು. ನಮ್ಮ ಕಡೆ ಹರಾಜಿಗೆ ಸವಾಲು ಅಂತಾರೆ, ಬೆಂಗಳೂರಿನವರು ಗಮನಿಸಿ.

2012ರ ಡಿಸೆಂಬರ್. ಅಮೆರಿಕದ ಲೇಕ್ ಟಾಹೋದಲ್ಲಿ ಒಂದು ಹೋಟೆಲ್ ರೂಮು. ಟೊರಾಂಟೊ ಯೂನಿವರ್ಸಿಟಿಯ ಮೇಷ್ಟ್ರು ಜೆಫ್ರಿ ಹಿಂಟನ್, ಜೊತೆಗೆ ಇಬ್ಬರು ಶಿಷ್ಯರು: ಅಲೆಕ್ಸ್ ಕ್ರಿಷೆವ್‌ಸ್ಕಿ, ಇಲ್ಯಾ ಸಟ್ಸ್‌ಕೇವರ್. ಫೋಟೋ ನೋಡಿ ಅದರಲ್ಲಿರುವುದು ಬೆಕ್ಕೋ ನಾಯಿಯೋ ಅಂತ ಕಂಪ್ಯೂಟರ್‌ನಿಂದ ಗುರುತಿಸುವ ಸ್ಪರ್ಧೆಯಲ್ಲಿ ಅದೇ ವರ್ಷ ಎಲ್ಲರನ್ನೂ ದೂರ ಹಿಂದೆ ಹಾಕಿದ್ದರು. ಮೂರೇ ಜನ ಸೇರಿ ಒಂದು ಕಂಪನಿ ತೆರೆದರು. ಮಾರುವುದಕ್ಕೆ ಒಂದು ವಸ್ತುವೂ ಇಲ್ಲ, ಇದ್ದದ್ದು ಮೂರು ತಲೆ. ಆ ಕಂಪನಿಯನ್ನೇ ಸವಾಲಿಗೆ ಇಟ್ಟರು. ಗೂಗಲ್, ಮೈಕ್ರೋಸಾಫ್ಟ್, ಚೀನಾದ ಬೈದು, ಆಗಿನ್ನೂ ಸಣ್ಣದಾಗಿದ್ದ ಡೀಪ್‌ಮೈಂಡ್ ಇಮೇಲ್‌ನಲ್ಲಿ ಕೂಗಿದವು. 4.4 ಕೋಟಿ ಡಾಲರ್‌ಗೆ ಬಂದಾಗ ಹಿಂಟನ್ ಅವರೇ ಸಾಕು ಅಂದರು, ಗೂಗಲ್‌ಗೆ ಕೊಟ್ಟರು. ಇನ್ನೂ ಏರುತ್ತಿತ್ತು! ದುಡ್ಡಿಗಿಂತ ಎಲ್ಲಿ ಕೆಲಸ ಮಾಡಬೇಕು ಅನ್ನುವುದು ಅವರಿಗೆ ಮುಖ್ಯವಾಗಿತ್ತು.

ನನಗೆ ಹೊಟ್ಟೆಕಿಚ್ಚು ಆಗುವುದು ಆ ಕೋಟಿಗಳಿಗಲ್ಲ. ಸವಾಲು ಕರೆದವರೂ ಅವರೇ, ನಿಲ್ಲಿಸಿದವರೂ ಅವರೇ ಅನ್ನುವುದಕ್ಕೆ. ಗಂಜ್‌ನಲ್ಲಿ ನಿಂತವರಿಗೆ ಇದರ ಬೆಲೆ ಗೊತ್ತು.

ಈಗ ಆ ಮೊತ್ತ ಚಿಲ್ಲರೆ ಅನ್ನಿಸುತ್ತದೆ. ಫೇಸ್‌ಬುಕ್‌ನ ಯಜಮಾನ ಕಂಪನಿ ಮೆಟಾ ನಮ್ಮ ಹುಡುಗರಿಗೆ ಬರೀ ಸೇರುವುದಕ್ಕೇ 10 ಕೋಟಿ ಡಾಲರ್ ಆಸೆ ತೋರಿಸುತ್ತಿದೆ ಅಂತ ಚಾಟ್‌ಜಿಪಿಟಿ ಮಾಡಿದ ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ 2025ರ ಜೂನ್‌ನಲ್ಲಿ ಹೇಳಿದರು. ರೂಪಾಯಿಯಲ್ಲಿ 850 ಕೋಟಿಗೂ ಮೇಲೆ. ಎದುರಾಳಿ ಬಾಯಿಂದ ಬಂದ ಲೆಕ್ಕ, ಸ್ವಲ್ಪ ಸೂಟು, ಅಂದರೆ ಕಡಿತ, ಹಿಡಿದೇ ಕೇಳಿ. ಮೆಟಾದವರು ಎಲ್ಲರಿಗೂ ಅಷ್ಟಿಲ್ಲಪ್ಪ ಅಂದರು. ಯಾರಿಗೂ ಇಲ್ಲ ಅಂತ ಮಾತ್ರ ಅನ್ನಲಿಲ್ಲ.

ಇಷ್ಟು ದುಡ್ಡು ಒಬ್ಬ ಮನುಷ್ಯನಿಗೆ ಯಾಕೆ ಅಂತ ಸಿಟ್ಟಾಗುವವರಿದ್ದಾರೆ. ನಾನು ಆ ಗುಂಪಲ್ಲ. ದುಡಿಯುವವನಿಗೆ ರೇಟು ಸಿಗಲಿ ಬಿಡಿ. ರೇಟು ಸಿಗದೇ ಇದ್ದಾಗ ಏನಾಗುತ್ತಿತ್ತು ಅನ್ನುವುದಕ್ಕೂ ಕಥೆ ಇದೆ. 2005ರಿಂದ 2009ರವರೆಗೆ ಆ್ಯಪಲ್, ಗೂಗಲ್, ಇಂಟೆಲ್, ಅಡೋಬಿ ಒಳಗೊಳಗೇ ಮಾತಾಡಿಕೊಂಡಿದ್ದವು: ನಿನ್ನ ಜನರನ್ನು ನಾನು ಕರೆಯಲ್ಲ, ನನ್ನ ಜನರನ್ನು ನೀನು ಕರೆಯಬೇಡ. ಗಂಜ್‌ನಲ್ಲಿ ನಾಲ್ಕು ಜನ ಖರೀದಿದಾರರು ಚಹಾ ಅಂಗಡಿಯಲ್ಲಿ ಕೂತು, ಇವತ್ತು ಇದಕ್ಕಿಂತ ಜಾಸ್ತಿ ಯಾರೂ ಹಾಕಬಾರದು ಅಂತ ಗಾಡಿ ಹಂಚಿಕೊಂಡರೆ ಹೇಗೋ ಹಾಗೆ. 2010ರಲ್ಲಿ ಅಮೆರಿಕ ಸರ್ಕಾರ ಹಿಡಿಯಿತು. 2015ರಲ್ಲಿ ಆ ನಾಲ್ಕೂ ಕಂಪನಿಗಳು 41.5 ಕೋಟಿ ಡಾಲರ್ ಕೊಟ್ಟು ಕೇಸು ಮುಗಿಸಿಕೊಂಡವು. ಸುಮಾರು 64 ಸಾವಿರ ಉದ್ಯೋಗಿಗಳ ಕೇಸು ಅದು. ಹಾಗಾಗಿ ಕಂಪನಿಗಳು ಬಹಿರಂಗವಾಗಿ ಕಿತ್ತಾಡುತ್ತಿದ್ದರೆ ನನಗೆ ಖುಷಿ. ಅವು ಒಂದೇ ಟೇಬಲ್ಲಿನಲ್ಲಿ ನಗುತ್ತಾ ಚಹಾ ಕುಡಿದರೆ ಭಯ.

ನನ್ನ ತಕರಾರು ಬೇರೆ. ಬಂಡಿ ಬಿಟ್ಟು ಎತ್ತು ಮಾತ್ರ ಹೊಡೆದುಕೊಂಡು ಹೋಗುವ ವ್ಯಾಪಾರ ಶುರುವಾಗಿದೆ, ಅದು.

ಹಿಂದೆ ದೊಡ್ಡ ಕಂಪನಿ ಸಣ್ಣ ಕಂಪನಿಯನ್ನು ಪೂರ್ತಿ ಕೊಳ್ಳುತ್ತಿತ್ತು. ಒಳಗಿದ್ದವರಿಗೆಲ್ಲ ಅವರವರ ಷೇರಿನ ಪ್ರಕಾರ ಏನೋ ಒಂದು ಸಿಗುತ್ತಿತ್ತು. ಪೂರ್ತಿ ಕೊಂಡರೆ ಈಗ ಸರ್ಕಾರದವರು ತನಿಖೆಗೆ ಬರುತ್ತಾರೆ. ಅದಕ್ಕೆ ಒಂದು ದಾರಿ ಕಂಡುಹಿಡಿದರು. ಕಂಪನಿಯನ್ನು ಕೊಳ್ಳಬೇಡಿ. ತಂತ್ರಜ್ಞಾನಕ್ಕೆ ಲೈಸೆನ್ಸ್ ಅಂತ ದುಡ್ಡು ಕೊಡಿ, ಯಜಮಾನನನ್ನೂ ಒಳ್ಳೆ ಎಂಜಿನಿಯರ್‌ಗಳನ್ನೂ ಕೆಲಸಕ್ಕೆ ಸೇರಿಸಿಕೊಳ್ಳಿ. 2024ರ ಮಾರ್ಚ್‌ನಲ್ಲಿ ಮೈಕ್ರೋಸಾಫ್ಟ್ ಹೀಗೇ ಇನ್‌ಫ್ಲೆಕ್ಷನ್ ಅನ್ನುವ ಎಐ ಕಂಪನಿಯಿಂದ ಅದರ ಯಜಮಾನ ಮುಸ್ತಫಾ ಸುಲೇಮಾನ್ ಅವರನ್ನೂ ಹೆಚ್ಚುಕಡಿಮೆ ಇಡೀ ತಂಡವನ್ನೂ ತೆಗೆದುಕೊಂಡಿತು. ಆಗಸ್ಟ್‌ನಲ್ಲಿ ಗೂಗಲ್, ತನ್ನನ್ನೇ ಬಿಟ್ಟುಹೋಗಿ ಕ್ಯಾರೆಕ್ಟರ್ ಎಐ ಕಟ್ಟಿದ್ದ ನೋಮ್ ಶಜೀರ್ ಅವರನ್ನು ವಾಪಸ್ ಕರೆಸಿಕೊಂಡಿತು. ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಮೈಕ್ರೋಸಾಫ್ಟ್ ವ್ಯವಹಾರವನ್ನು ನೋಡಿ, ಹೆಸರು ಏನೇ ಇಟ್ಟರೂ ಇದು ಕಂಪನಿ ಕೊಂಡ ಹಾಗೇ ಲೆಕ್ಕ ಅಂತ ಹೇಳಿತು. ಹೇಳಿ, ಹೋಗಲಿ ಬಿಡಿ ಅಂತ ಒಪ್ಪಿಗೆಯನ್ನೂ ಕೊಟ್ಟಿತು.

ವಿಂಡ್‌ಸರ್ಫ್ ಕಥೆ ಕೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 2025ರ ಜುಲೈ, ಒಂದು ಶುಕ್ರವಾರ. ಓಪನ್‌ಎಐ 300 ಕೋಟಿ ಡಾಲರ್‌ಗೆ ಕೊಳ್ಳುತ್ತದೆ ಅಂತ ಕಾಯುತ್ತಿದ್ದ ಕಂಪನಿ. ಆ ಮಾತುಕತೆ ಮುರಿಯಿತು. ಅದೇ ದಿನ ಗೂಗಲ್ 240 ಕೋಟಿ ಡಾಲರ್ ಕೊಟ್ಟು ಸಿಇಒ ವರುಣ್ ಮೋಹನ್ ಅವರನ್ನೂ ಕೆಲವು ಆಯ್ದ ಎಂಜಿನಿಯರ್‌ಗಳನ್ನೂ ಎತ್ತಿಕೊಂಡಿತು. ಉಳಿದ ನೂರಾರು ಜನ ಶನಿವಾರ, ಭಾನುವಾರ ಹೇಗೆ ಕಳೆದಿರಬಹುದು ಯೋಚಿಸಿ. ಸೋಮವಾರ ಕಾಗ್ನಿಷನ್ ಅನ್ನುವ ಇನ್ನೊಂದು ಕಂಪನಿ ಉಳಿದದ್ದನ್ನು ಕೊಂಡಿತು, ಎಲ್ಲರಿಗೂ ಪಾಲು ಕೊಡುತ್ತೇವೆ ಅಂತ ಹೇಳಿತು. ಅವರ ಪುಣ್ಯ. ಪ್ರತಿ ಸಲ ಸೋಮವಾರ ಹಾಗೆ ಬರುತ್ತದೆ ಅನ್ನುವ ಗ್ಯಾರಂಟಿ ಏನಿದೆ?

ಇಷ್ಟು ದೂರದ ಕಥೆ ರಾಯಚೂರಿಗೆ ಯಾಕೆ ಬೇಕು ಅಂತೀರಾ? ನನ್ನ ಅಕ್ಕನ ಮಗ ಇದ್ದಾನೆ. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನಲ್ಲಿ ಎಐ ಕೆಲಸ ಅಂತ ಸೇರಿದ. ಓಣಿಗೆಲ್ಲ ಪೇಡೆ ಹಂಚಿದೆವು. ಆಮೇಲೆ ತಿಳಿಯಿತು, ಕೆಲಸ ಅಂದರೆ ರಸ್ತೆಯ ಫೋಟೋ ಹಿಗ್ಗಿಸಿ, ಒಂದೊಂದು ಗಾಡಿ ಸುತ್ತ ಮೌಸ್‌ನಲ್ಲಿ ಬಾಕ್ಸ್ ಎಳೆದು ಹೆಸರು ಹಾಕುವುದು. ಕಾರು, ಬಸ್ಸು, ಬೈಕು, ಹಸು. ಒಂದು ದಿನ ಟಂಟಂ, ನಮ್ಮ ಕಡೆಯ ಶೇರ್ ಆಟೋ, ಬಂತು. ಲಿಸ್ಟ್‌ನಲ್ಲಿ ಟಂಟಂ ಇಲ್ಲ. ಹಿಂದೆ ಕಂಬಿ ಹಿಡಿದು ಇಬ್ಬರು ಜೋತಾಡುತ್ತಿದ್ದಾರೆ. ಅವರು ಗಾಡಿಯ ಬಾಕ್ಸ್ ಒಳಗೆ ಬರುತ್ತಾರೋ, ಅವರಿಗೆ ಬೇರೆ ಬಾಕ್ಸೋ? ಮೇಲಿನವರನ್ನು ಕೇಳಿದರೆ ನಾಳೆ ಹೇಳ್ತೀವಿ ಅಂದರಂತೆ.

ಸಣ್ಣ ಕೆಲಸ ಅಂದುಕೊಳ್ಳಬೇಡಿ, ಈ ಹೆಸರುಗಳನ್ನು ನೋಡಿಯೇ ಎಐ ಕಲಿಯುವುದು. ಹಿಂಟನ್ ಮತ್ತು ಶಿಷ್ಯರು ಗೆದ್ದ ಸ್ಪರ್ಧೆಯ ಲಕ್ಷಾಂತರ ಫೋಟೋಗಳಿಗೂ ಹೆಸರು ಹಾಕಿದವರು ಇಂಥದ್ದೇ ಕೂಲಿಯ ಜನ. 2025ರ ಜೂನ್‌ನಲ್ಲಿ ಮೆಟಾ 1,430 ಕೋಟಿ ಡಾಲರ್ ಹಾಕಿ 49 ಪರ್ಸೆಂಟ್ ಪಾಲು ತೆಗೆದುಕೊಂಡ ಸ್ಕೇಲ್ ಎಐ ಇದೆಯಲ್ಲ, ಅದು ಬೆಳೆದದ್ದೇ ಈ ಲೇಬಲ್ ಹಾಕಿಸುವ ವ್ಯಾಪಾರದಿಂದ. ಅದರ ಯಜಮಾನ ಅಲೆಕ್ಸಾಂಡರ್ ವ್ಯಾಂಗ್ ಮೆಟಾಕ್ಕೆ ಹೋದರು. ಸುಮಾರು ಒಂದು ತಿಂಗಳಲ್ಲಿ ಸ್ಕೇಲ್ 200 ಉದ್ಯೋಗಿಗಳನ್ನು ತೆಗೆಯಿತು, 500 ಗುತ್ತಿಗೆಯವರಿಗೂ ಸಾಕು ಅಂದಿತು. ಅಡಿಯ ಹತ್ತಿಯನ್ನು ಯಾರೂ ಕೈ ಹಾಕಿ ನೋಡಲಿಲ್ಲ.

ನಮ್ಮ ಅಕ್ಕನ ಮಗನಿಗೆ ಇನ್ನೊಂದು ಗೋಳೂ ಇದೆ. ಸೇರುವಾಗ ಎರಡು ವರ್ಷದ ಬಾಂಡ್ ಬರೆಸಿಕೊಂಡಿದ್ದಾರೆ. ನಡುವೆ ಬಿಟ್ಟರೆ ಒಂದೂವರೆ ಲಕ್ಷ ಕಟ್ಟಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಬೀರುವಿನಲ್ಲಿ. ಅಲ್ಲಿ ಬಾ ಅನ್ನುವುದಕ್ಕೆ ದುಡ್ಡು, ಇಲ್ಲಿ ಹೋಗುತ್ತೇನೆ ಅಂದರೆ ದುಡ್ಡು!

ತಮಾಷೆ ಏನು ಗೊತ್ತಾ? ಕಾನೂನಿನ ಬೇರು ಎರಡೂ ಕಡೆ ಒಂದೇ. ಕೆಲಸ ಬಿಟ್ಟವನು ಎದುರು ಅಂಗಡಿ ಸೇರಬಾರದು ಅನ್ನುವ ಕರಾರು ಕ್ಯಾಲಿಫೋರ್ನಿಯಾದಲ್ಲಿ ನಡೆಯಲ್ಲ, 1872ರ ಕಾಯ್ದೆ. ನಮ್ಮ ಕರಾರು ಕಾಯ್ದೆಯೂ 1872ರದ್ದೇ, 27ನೇ ಸೆಕ್ಷನ್. ಎರಡಕ್ಕೂ ಮೂಲ ನ್ಯೂಯಾರ್ಕಿನ ವಕೀಲ ಡೇವಿಡ್ ಡಡ್ಲಿ ಫೀಲ್ಡ್ ಬರೆದಿದ್ದ ಕರಡು. ಅಲ್ಲಿ ಅದರಿಂದ ಸಿಲಿಕಾನ್ ವ್ಯಾಲಿಯ ಹುಡುಗರು ಒಂದು ಬಾಗಿಲಿಂದ ಇನ್ನೊಂದಕ್ಕೆ ಸಲೀಸಾಗಿ ದಾಟಿದರು. ಇಲ್ಲಿ ಬಿಟ್ಟ ಮೇಲೆ ತಡೆಯಲು ಆಗಲ್ಲ ಅಂತ ಬಿಡುವುದಕ್ಕೇ ಬೆಲೆ ಕಟ್ಟಿದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೂಡ ಒಂದು ಸರ್ಕಾರಿ ಬ್ಯಾಂಕಿನ 2 ಲಕ್ಷದ ಬಾಂಡ್ ಸರಿ ಅಂತು. ಬ್ಯಾಂಕು ಪರೀಕ್ಷೆ ನಡೆಸಿ ಅಧಿಕಾರಿಗಳನ್ನು ಆರಿಸುತ್ತದೆ, ಅದಕ್ಕೆ ಖರ್ಚಿದೆ, ಒಪ್ಪಿದೆ. ಹದಿನೈದು ದಿನ ಬಾಕ್ಸ್ ಎಳೆಯುವುದನ್ನು ಕಲಿಸಿದ್ದಕ್ಕೆ ಒಂದೂವರೆ ಲಕ್ಷ ಯಾವ ಲೆಕ್ಕ? ಕಾಕಾಗೆ ಬಾಂಡ್ ಅಂದರೇನು ಅಂತ ಬಿಡಿಸಿ ಹೇಳಿದೆ. ಅವರಿಗೆ ಅರ್ಥವಾಗುವುದಕ್ಕೆ ಎರಡು ನಿಮಿಷ ಕೂಡ ಬೇಕಾಗಲಿಲ್ಲ. "ಅಡತಿ ಮುಂಗಡ ಅನ್ನಲ್ಲ, ಅದರಾಗೇನೈತಿ" ಅಂದರು. ಮುಂಗಡದಲ್ಲಿ ಕೈಗೆ ದುಡ್ಡಾದರೂ ಬಂದಿರುತ್ತದೆ ಕಾಕಾ, ಅಂತ ನಾನು ಬಾಯಿ ಬಿಡಲಿಲ್ಲ.

ಮೊನ್ನೆ ಹುಡುಗ ಫೋನ್ ಮಾಡಿದ್ದ. ಟಂಟಂಗೆ ಕೊನೆಗೂ ಏನು ಹೆಸರು ಹಾಕಿದಿರಪ್ಪ ಅಂತ ಕೇಳಿದೆ.

"ಅದರ್ಸ್, ಮಾಮಾ."

ಹಿಂದೆ ಜೋತಾಡುತ್ತಿದ್ದ ಇಬ್ಬರು?

"ಅವರನ್ನ ಬಾಕ್ಸ್‌ನಾಗ ಸೇರಿಸಬ್ಯಾಡ್ರಿ ಅಂದಾರ."