ಒಂದು ಚಿಪ್ಪು, ಒಂದು ಹೆಸರು

ಕೇಳುಗರಿಗೆ ನಮಸ್ಕಾರ.

ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡು ಕೇಳುತ್ತಿರುವವರು ಒಂದು ರಾಗಿ ಕಾಳು ಅಂಗೈ ಮೇಲೆ ಇಟ್ಟುಕೊಳ್ಳಿ. ನಾನು ಇವತ್ತು ಹೇಳುವ ಚಿಪ್ಪುಗಳನ್ನು ಆ ಕಾಳಿನ ಅಗಲಕ್ಕೆ ಹತ್ತು ಸಾಲಾಗಿ ನಿಲ್ಲಿಸಬಹುದು. ಅಷ್ಟು ಸಣ್ಣ ಪಳೆಯುಳಿಕೆಗೆ ಹೆಸರಿಡುವುದು ಹೇಗೆ?

ಈ ಜೀವಿಗಳು ಫೊರಾಮಿನಿಫೆರಾ. ನಾಲಗೆ ತೊಡರಿದರೆ ಫೊರಾಮ್ ಅನ್ನಿ, ನಾವೂ ಹಾಗೇ ಅನ್ನುವುದು. ಮೈಗೆಲ್ಲ ಒಂದೇ ಜೀವಕೋಶ. ಕೆಲವು ಜಾತಿಗಳು ಸುಣ್ಣದ ಚಿಪ್ಪು ಕಟ್ಟಿಕೊಂಡು ಸಮುದ್ರದಲ್ಲಿ ತೇಲುತ್ತವೆ. ಸತ್ತ ಮೇಲೆ ಚಿಪ್ಪು ತಳಕ್ಕಿಳಿದು ಕೆಸರು ಸೇರುತ್ತದೆ. ಕೆಸರು ಕಲ್ಲಾಗುತ್ತದೆ.

1964ರಲ್ಲಿ ಹಾನ್ಸ್‌ಪೀಟರ್ ಲುಟರ್‌ಬಾಖರ್ ಮತ್ತು ಇಸಾಬೆಲ್ಲಾ ಪ್ರೆಮೋಲಿ ಸಿಲ್ವಾ ಮಧ್ಯ ಇಟಲಿಯ ಅಪೆನೈನ್ ಬೆಟ್ಟಗಳಿಂದ ಒಂದು ಹೊಸ ಜಾತಿಯನ್ನು ವಿವರಿಸಿದರು. ಗ್ಲೋಬಿಜೆರೈನಾ ಯುಗುಬಿನಾ. ಮೊದಲಿನದು ಕುಲದ ಹೆಸರು, ಮನೆತನದ ಹಾಗೆ; ಎರಡನೆಯದು ಜಾತಿಯದು. ಅಲ್ಲಿನ ಗುಬ್ಬಿಯೊ ಎಂಬ ಊರಿನ ಹಳೇ ಲ್ಯಾಟಿನ್ ಹೆಸರಿನಿಂದ ಬಂದದ್ದು ಈ ಯುಗುಬಿನಾ.

ವಿವರಿಸುವುದು ಅಂದರೆ ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ. ಚಿಪ್ಪನ್ನು ಮೂರು ಕಡೆಯಿಂದ ನೋಡಬೇಕು. ಬೆನ್ನು, ಹೊಟ್ಟೆ, ಅಂಚು. ಚಿಪ್ಪು ಅಂದರೆ ಸುತ್ತಿಕೊಂಡು ಬೆಳೆದ ಪುಟ್ಟ ಕೋಣೆಗಳ ಸಾಲು. ಕೊನೆಯ ಸುತ್ತಿನಲ್ಲಿ ಕೋಣೆ ಎಷ್ಟು? ಬಾಯಿ ಎಲ್ಲಿದೆ, ಕಮಾನಿನ ಹಾಗಿದೆಯೋ ಸೀಳಿನ ಹಾಗಿದೆಯೋ? ಗೋಡೆ ನುಣುಪೋ ಒರಟೋ? ಹತ್ತಿರದ ನೆಂಟರಿಂದ ಇದು ಎಲ್ಲಿ ಬೇರೆ? ಎಲ್ಲ ಬರೆದ ಮೇಲೆ ಒಂದೇ ಒಂದು ಚಿಪ್ಪನ್ನು ಆರಿಸಿ, ಸಂಗ್ರಹಾಲಯದಲ್ಲಿಟ್ಟು, 'ಈ ಹೆಸರು ಇದರದ್ದು' ಅನ್ನಬೇಕು. ಅದೇ ಹೋಲೋಟೈಪ್. ನೀವು ಇವತ್ತು ಬೇರೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿಡಿ: ಹೆಸರು ಕಟ್ಟಿರುವುದು ಆ ಒಂದು ಚಿಪ್ಪಿಗೆ. ನಮ್ಮ ವಿವರಣೆಗೂ ಅಲ್ಲ, ಚಿತ್ರಕ್ಕೂ ಅಲ್ಲ.

ಆ ಚಿಪ್ಪು ಕಳೆದುಹೋದರೆ? ಕೇಳಿ.

ನಾನು ಸಂಶೋಧನೆ ಮಾಡುತ್ತಿದ್ದ ಕಾಲ. ಹೊಸದು ಅನ್ನಿಸಿದ ಒಂದು ಚಿಪ್ಪು ಸಿಕ್ಕಿತ್ತು. ಕೊನೆಯ ಕೋಣೆಯ ಅಂಚಿನಲ್ಲಿ ಸಣ್ಣ ಮುಕ್ಕು. ಅದನ್ನೂ ಬಿಡದೆ ಚಿತ್ರ ಬರೆದಿಟ್ಟಿದ್ದೆ. ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಕಿಟಕಿ ಬೆಳಕಿನಲ್ಲೇ ಕೆಲಸ ಮುಂದುವರಿಸಿದೆ. ಒದ್ದೆ ಬ್ರಷ್ಷಿನ ತುದಿಯಿಂದ ಚಿಪ್ಪನ್ನು ಕಪ್ಪು ತಟ್ಟೆಯಿಂದ ಸ್ಲೈಡಿಗೆ ಎತ್ತುತ್ತಿದ್ದೆ. ಫ್ಯಾನಿನ ಸ್ವಿಚ್ ಆರಿಸಿರಲಿಲ್ಲ. ಕರೆಂಟ್ ಬಂತು. ಫ್ಯಾನ್ ತಿರುಗಿತು. ಕಣ್ಣಿಟ್ಟು ನೋಡಿದರೆ ತಟ್ಟೆಯಲ್ಲೂ ಇಲ್ಲ, ಸ್ಲೈಡಿನಲ್ಲೂ ಇಲ್ಲ.

ನನ್ನ ಗುರುಗಳು ಬೈಯಲಿಲ್ಲ. ಬೈದಿದ್ದರೆ ವಾಸಿಯಾಗಿತ್ತು. ಪೊರಕೆ ತಂದು ಕೊಟ್ಟರು. ಮೂರು ದಿನ ಆ ಕೋಣೆಯ ನೆಲ ಗುಡಿಸಿ, ಧೂಳನ್ನು ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಹರಡಿ ನೋಡಿದೆ. ಸೀಮೆಸುಣ್ಣದ ಪುಡಿ, ಇರುವೆ ಕಾಲು, ಯಾರದೋ ಕೂದಲು, ನಿಪ್ಪಟ್ಟಿನ ಚೂರು, ಎಲ್ಲಾ ಸಿಕ್ಕವು. ನಾಲ್ಕನೇ ದಿನ ಬೇಜಾರಾಗಿ ಬೇರೆ ಕೆಲಸಕ್ಕೆ ಅದೇ ಬ್ರಷ್ ಕೈಗೆತ್ತಿಕೊಂಡೆ. ಕೂದಲಿನ ತುದಿ ಚೂಪಾಗಲಿ ಅಂತ ನಾಲಗೆಗೆ ತಾಗಿಸುವ ಕೆಟ್ಟ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ. ನಾನೂ ಬಾಯಿ ತೆರೆದೆ. ಯಾಕೋ ಒಮ್ಮೆ ಲೆನ್ಸಿನ ಕೆಳಗೆ ನೋಡೋಣ ಅನ್ನಿಸಿತು. ಕೂದಲುಗಳ ನಡುವೆ ಕೂತಿತ್ತು, ಮುಕ್ಕಿನ ಸಮೇತ! ಅದು ಹಾರಿಯೇ ಇರಲಿಲ್ಲ. ಇನ್ನೊಂದು ಕ್ಷಣ ತಡವಾಗಿದ್ದರೆ ನುಂಗಿಬಿಡುತ್ತಿದ್ದೆ.

ಆಮೇಲೆ ತಿಳಿಯಿತು, ಅದು ಹೊಸ ಜಾತಿಯೇ ಅಲ್ಲ. ಬೇರೆ ದೇಶದಲ್ಲಿ ಯಾರೋ ಯಾವಾಗಲೋ ಹೆಸರಿಟ್ಟಾಗಿತ್ತು. ಮೊದಲು ಇಟ್ಟ ಹೆಸರಿಗೇ ಹಕ್ಕು. ಅದನ್ನು ತೀರ್ಮಾನಿಸಿದ್ದೂ ಆ ಇನ್ನೊಂದು ಹೋಲೋಟೈಪಿನ ಚಿತ್ರ ಪಕ್ಕಕ್ಕಿಟ್ಟು. ಒಂದು ಚಿಪ್ಪು, ಅಲ್ವಾ?

ಕತೆಯಲ್ಲೇ ಅರ್ಧ ಸಮಯ ಹೋಯಿತು. ಯುಗುಬಿನಾಗೆ ಬರುತ್ತೇನೆ. 1978ರಲ್ಲಿ ಇದನ್ನು ಬೇರೆ ಕುಲಕ್ಕೆ ಸೇರಿಸಿದರು. ಪಾರ್ವುಲಾರುಗೊಗ್ಲೋಬಿಜೆರೈನಾ. ಉಸಿರು ಬಿಗಿಹಿಡಿದು ಹೇಳಬೇಕು. ಮನೆತನ ಬದಲಾಯಿತು, ಯುಗುಬಿನಾ ಹಾಗೇ ಉಳಿಯಿತು. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ.

ಎಲ್ಲರೂ ನನ್ನನ್ನು ಕೇಳುವುದು ಡೈನೋಸಾರ್ ಬಗ್ಗೆ. ಸರಿ, ಕೇಳಿ. 6.6 ಕೋಟಿ ವರ್ಷದ ಹಿಂದೆ ಅವು ಅಳಿದ ಹೊತ್ತಿಗೇ ತೇಲುವ ಫೊರಾಮ್‌ಗಳಲ್ಲೂ ಬಹುಪಾಲು ಅಳಿದವು. ಗುಬ್ಬಿಯೊದ ಕಲ್ಲಿನಲ್ಲಿ ಆ ಅಳಿವಿನ ಮುಂಚಿನ ಕಾಲಕ್ಕೂ ಆಮೇಲಿನ ಕಾಲಕ್ಕೂ ನಡುವಿನ ಗಡಿಯಲ್ಲಿ ಬೆರಳಗಲದ ಜೇಡಿಪದರ ಇದೆ. ಕೆಳಗಿನ ಸುಣ್ಣಕಲ್ಲಿನಲ್ಲಿ ದೊಡ್ಡ, ಅಲಂಕಾರದ ಚಿಪ್ಪುಗಳು. ಮೇಲೆ ಯುಗುಬಿನಾದಂಥ ಪುಟಾಣಿಗಳು. ಕಲ್ಲಿನಲ್ಲಿ ಗಡಿ ಎಲ್ಲಿ ಅಂತ ತೋರಿಸಿಕೊಟ್ಟಿದ್ದು ಈ ಚಿಪ್ಪುಗಳೇ, ಡೈನೋಸಾರ್ ಮೂಳೆ ಅಲ್ಲ. ಆ ಜೇಡಿಯಲ್ಲೇ ಅಪ್ಪ-ಮಗ ವಿಜ್ಞಾನಿಗಳಾದ ಲೂಯಿಸ್ ಮತ್ತು ವಾಲ್ಟರ್ ಆಲ್ವರೆಜ್ ತಂಡ, ನೆಲದಲ್ಲಿ ಅಪರೂಪವಾದ, ಉಲ್ಕೆಗಳಲ್ಲಿ ಹೆಚ್ಚಿರುವ ಇರಿಡಿಯಂ ಎಂಬ ಲೋಹ ಜಾಸ್ತಿ ಇರುವುದನ್ನು ಕಂಡು, ಆಕಾಶದಿಂದ ಬಂಡೆ ಬಿದ್ದಿತ್ತು ಅಂತ 1980ರಲ್ಲಿ ಹೇಳಿದ್ದು.

ಅದೇ ಒಂದು ದೊಡ್ಡ ಕತೆ. ಇನ್ನೊಂದು ದಿನ ಕರೆದರೆ ಹೇಳುತ್ತೇನೆ, ಬ್ರಷ್ಷಿನ ವಿಷಯ ಎತ್ತುವುದಿಲ್ಲ. ನಮಸ್ಕಾರ.